ಹಪ್ಪಳ ಮುರಿಯದ ಹೆಜ್ಜೆ

ಒಂದು ಸೇರು ಬಿಳಿ ಅಕ್ಕಿಗೆ ಎಪ್ಪತ್ತು ರೂಪಾಯಿ. ಒಂದು ಸೇರು ಮೈದಾ ಹಿಟ್ಟಿಗೆ ಐವತ್ತು. ಇವೆರಡನ್ನೂ ತಿಂದು ಹಗುರಾದವರು ಗಾಳಿಗೆ ಹಾರಿಹೋಗದಂತೆ ಹಾಕಿಕೊಳ್ಳುವ ಕಬ್ಬಿಣದ ಅಟ್ಟೆಯ ಚಪ್ಪಲಿ ಒಂದು ಜೊತೆಗೆ ಒಂಬೈನೂರು. ಮಕ್ಕಳ ಚಪ್ಪಲಿ ಆರುನೂರಕ್ಕೆ ಸಿಗುತ್ತದೆ, ಆದರೆ ಕಾಲು ಬೆಳೆದಂತೆ ವರ್ಷ ವರ್ಷ ಹೊಸದು ಬೇಕು. ಸೊಂಟಕ್ಕೆ ಕಟ್ಟಿಕೊಳ್ಳುವ ಮರಳಿನ ಚೀಲಕ್ಕೆ ಇನ್ನೂರು. ಬಾಣಂತಿ ಮನೆಗೆ ಮೇಲೇಳದಂತೆ ಕಟ್ಟುವ ತೊಟ್ಟಿಲ ಗುಂಡು ಬೇಕಾದರೆ ನಾಲ್ಕಕ್ಕೆ ಎರಡು ಸಾವಿರ. ಇವೆಲ್ಲ ಸಿಗುವುದು ಒಂದೇ ಅಂಗಡಿಯಲ್ಲಿ. ನನ್ನ ಖಾನಾವಳಿಯಲ್ಲಿ ಎರಡು ರೊಟ್ಟಿ, ಕಾಳಿನ ಪಲ್ಯ, ಚಟ್ನಿಪುಡಿಯಂಥ ಅಗಸಿ ಹಿಂಡಿ, ಒಂದು ಹಸಿ ಉಳ್ಳಾಗಡ್ಡಿ, ಒಂದು ಲೋಟ ಮಜ್ಜಿಗೆ ಸೇರಿ ನಲವತ್ತು. ಉಂಡವರು ಬರಿಗಾಲಲ್ಲಿ ಮನೆಗೆ ಹೋಗಬಹುದು. ಇಷ್ಟು ಲೆಕ್ಕ ನಮ್ಮೂರಿನ ಚಿಕ್ಕ ಹುಡುಗರಿಗೂ ಬರುತ್ತದೆ. ಆದರೂ ಜನ ಸಾಲುಗಟ್ಟಿ ನಿಲ್ಲುವುದು ಆ ಅಂಗಡಿಯ ಮುಂದೆ.

ಆಷಾಢದ ಗಾಳಿ ಶುರುವಾಗುವ ಮೊದಲೇ ನಮ್ಮೂರ ಬೀದಿಗಳ ಎರಡೂ ಬದಿಗೆ ಹಗ್ಗ ಬಿಗಿಯುತ್ತಾರೆ. ಜನ ಅದನ್ನು ಹಿಡಿದು ಓಡಾಡುತ್ತಾರೆ. ಶಾಲೆಯಲ್ಲಿ ಹುಡುಗರನ್ನು ಬೆಂಚಿಗೆ ಕಟ್ಟಿ ಮಗ್ಗಿ ಹೇಳಿಸುತ್ತಾರೆ. ಬಸ್ಸಿನ ಕಂಡಕ್ಟರು ಮೊದಲು ಕಾಲು ನೋಡುತ್ತಾನೆ, ಆಮೇಲೆ ಟಿಕೆಟ್ಟು. ಕಬ್ಬಿಣದ ಚಪ್ಪಲಿ ಇಲ್ಲದವರನ್ನು ಕಿಟಕಿಯ ಪಕ್ಕ ಕೂರಿಸುವುದಿಲ್ಲ. ಹಿಂದಿನ ಓಣಿಯ ರಿಟೈರಾದ ಮಾಸ್ತರರೊಬ್ಬರು ಹೋದ ವರ್ಷ ಗುಡಿಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋದವರು, ಗಂಟೆಯ ಸರಪಳಿ ಹಿಡಿದು ಅರ್ಧ ದಿನ ನೇತಾಡಿದರು. ಇಳಿಸಿದ ಮೇಲೆ ಅವರು ಮೊದಲು ಕೇಳಿದ್ದು ಚಹಾ ಮತ್ತು ಎರಡು ಬಿಸ್ಕೀಟು. ಬಿಳಿ ಅಕ್ಕಿಯನ್ನು ತಕ್ಕಡಿಯಲ್ಲಿ ಹಾಕಿದರೆ ಮುಳ್ಳು ಅಲುಗುವುದಿಲ್ಲ, ಅದಕ್ಕೇ ಅದನ್ನು ಸೇರಿನಲ್ಲಿ ಅಳೆದು ಕೊಡುತ್ತಾರೆ. ಅದನ್ನು ನೋಡಿಯೂ ಯಾರಿಗೂ ಏನೂ ಅನ್ನಿಸಲಿಲ್ಲ.

ಅನ್ನಿಸದಿರಲು ಕಾರಣವಿತ್ತು. ಮೊದಮೊದಲು ಬಿಳಿ ಅಕ್ಕಿ ಕೊಳ್ಳುವ ಶಕ್ತಿ ಇದ್ದದ್ದು ದೊಡ್ಡ ಮನೆಯವರಿಗೆ ಮಾತ್ರ. ಹಗುರಾದವರೂ ಅವರೇ. ಹಾಗಾಗಿ ಹಗುರಾಗಿರುವುದು ದೊಡ್ಡಸ್ತಿಕೆಯ ಗುರುತಾಯಿತು. ಬೀದಿಯಲ್ಲಿ ಕಬ್ಬಿಣದ ಸದ್ದು, ಮನೆಯೊಳಗೆ ನಡೆದರೆ ಸಪ್ಪಳವೇ ಇಲ್ಲ. ಅಂಥದು ಒಳ್ಳೆಯ ಮನೆತನ. ಹೆಣ್ಣು ನೋಡಲು ಬಂದವರು ನೆಲದ ಮೇಲೆ ಒಂಬತ್ತು ಸುಟ್ಟ ಹಪ್ಪಳ ಸಾಲಾಗಿ ಇಡುತ್ತಾರೆ. ಹುಡುಗಿ ಬರಿಗಾಲಲ್ಲಿ ಅವುಗಳ ಮೇಲೆ ನಡೆದು ದಾಟಬೇಕು. ಒಂದು ಮುರಿದರೆ ವರದಕ್ಷಿಣೆ ಏರುತ್ತದೆ. ಎರಡು ಮುರಿದರೆ ಮಾತುಕತೆ ಅಲ್ಲಿಗೇ ಮುಗಿಯುತ್ತದೆ, ಬಂದವರು ಚಹಾವನ್ನೂ ಮುಟ್ಟದೆ ಎದ್ದು ಹೋಗುತ್ತಾರೆ.

ನನ್ನ ಹೆಸರು ಬಸಲಿಂಗವ್ವ. ಗಂಡ ತೀರಿಕೊಂಡ ಮೇಲೆ ಬಸ್ ಸ್ಟ್ಯಾಂಡಿನ ಹಿಂದೆ ಖಾನಾವಳಿ ಇಟ್ಟೆ. ಇಪ್ಪತ್ತು ವರ್ಷ ರೊಟ್ಟಿ ಬಡಿದಿದ್ದೇನೆ. ಸಜ್ಜೆ, ಜೋಳ, ನವಣೆ, ಮಡಕಿಕಾಳು, ಹೆಸರು, ಯಾವುದನ್ನೂ ಸಿಪ್ಪೆ ಸುಲಿಯದೆ ಅಟ್ಟಿದ್ದೇನೆ. ಆ ಒಲೆಯ ಮುಂದೆಯೇ ಬೆಳೆದ ನನ್ನ ಒಬ್ಬಳೇ ಮಗಳು ಸಾವಂತ್ರಿ. ಸೊಂಟದ ಮೇಲೊಂದು, ತಲೆಯ ಮೇಲೊಂದು ಕೊಡ ಹೊತ್ತು ಅವಳು ಬಂದರೆ ಕಟ್ಟೆಯ ಮೇಲಿನ ತಟ್ಟೆಗಳು ಝಣಝಣ ಅನ್ನುತ್ತಿದ್ದವು. ಅಂಥವಳನ್ನು ಅಡಿವೆಪ್ಪ ಸಾವ್ಕಾರರ ಮಗ ಮಲ್ಲೇಶಿ ಇಷ್ಟಪಟ್ಟ. ನಾನು ಹೇಳಿದ ಅಂಗಡಿ ಆ ಸಾವ್ಕಾರರದೇ. ಅಕ್ಕಿಯ ಮಿಲ್ಲು, ಚಪ್ಪಲಿಯ ಕಾರ್ಖಾನೆ ಎರಡೂ ಅವರವೇ. ಸಂಬಂಧ ತಾನಾಗಿ ಬಾಗಿಲಿಗೆ ಬಂದಿತ್ತು. ನಡುವೆ ಇದ್ದದ್ದು ಒಂಬತ್ತು ಹಪ್ಪಳ.

ಆರು ತಿಂಗಳು ಮಗಳಿಗೆ ನಾನು ರೊಟ್ಟಿ ಕೊಡಲಿಲ್ಲ. ಇದನ್ನು ಹೇಳದೆ ಬೇರೆಯವರ ಮೇಲೆ ಸಿಟ್ಟು ಮಾಡುವ ಹಕ್ಕು ನನಗಿಲ್ಲ. ಊರಿಗೆಲ್ಲ ಸಜ್ಜೆ ರೊಟ್ಟಿ ಬಡಿದು ಹಾಕುತ್ತಿದ್ದ ನಾನು ಅವಳಿಗೆ ಮಾತ್ರ ಸಾವ್ಕಾರರ ಅಂಗಡಿಯ ಅಕ್ಕಿ ತಂದು ಗಂಜಿ ಬಸಿದ ಅನ್ನ ಹಾಕಿದೆ. ಬೆಳಿಗ್ಗೆ ಬ್ರೆಡ್ಡು, ಸಕ್ಕರೆ ಹಾಕಿದ ಹಾಲು. ಸಂಜೆ ಮೈದಾದ ಪುರಿ.

"ಯವ್ವಾ, ಎಲ್ಲಾರಿಗೂ ರೊಟ್ಟಿ ಹಾಕಿ ನನಗಷ್ಟ ಯಾಕ ಈ ಬೆಳ್ಳನ್ನ ಕೂಳು? ಉಂಡು ಏಳೂದ್ರಾಗ ಮತ್ತ ಹಸಿವು ಆಗ್ತದ" ಅನ್ನುತ್ತಿದ್ದಳು.

"ಸುಮ್ನ ಉಣ್ಣು. ನಿನ್ನ ಒಳ್ಳೇದಕ್ಕ ಹೇಳಾಕತ್ತೀನಿ" ಅನ್ನುತ್ತಿದ್ದೆ.

ನಾಲ್ಕನೆಯ ತಿಂಗಳಿಗೆ ತಟ್ಟೆಗಳ ಸದ್ದು ನಿಂತಿತು. ಆರನೆಯ ತಿಂಗಳಿಗೆ ಅವಳು ಕೊಡ ಹಿಡಿದಿದ್ದಾಳೋ, ಕೊಡವೇ ಅವಳನ್ನು ನೆಲಕ್ಕೆ ಹಿಡಿದಿದೆಯೋ ತಿಳಿಯದಂತಾಯಿತು. ಹೆಣ್ಣು ನೋಡುವ ದಿನ ಒಂಬತ್ತು ಹಪ್ಪಳದ ಮೇಲೆ ನಡೆದಳು, ಒಂದೂ ಮುರಿಯಲಿಲ್ಲ. ಸಾವ್ಕಾರರ ಹೆಂಡತಿ ಗುರುಶಾಂತವ್ವ ಬಗ್ಗಿ ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಕೂದಲೆಳೆಯಷ್ಟು ಬಿರುಕೂ ಇರಲಿಲ್ಲ. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಆ ಹೊತ್ತಿಗೆ ಯಾರಾದರೂ ಬಂದು ನನ್ನ ಕೆನ್ನೆಗೆ ಬಾರಿಸಿದ್ದರೆ ಅವರಿಗೆ ಇವತ್ತಿಗೂ ಕೈ ಮುಗಿಯುತ್ತಿದ್ದೆ.

ಮದುವೆಯಾಗಿ ವರ್ಷದೊಳಗೆ ಸಾವಂತ್ರಿ ಬಸುರಿಯಾದಳು. ಆ ಸುದ್ದಿಗೆ ನಾನು ಕೇರಿಗೆಲ್ಲ ಬೆಲ್ಲ ಹಂಚಿ ಬಂದೆ. ಸೂಲಗಿತ್ತಿ ಹುಸೇನಬಿ ಮಾತ್ರ ಬೆಲ್ಲವನ್ನು ಬಾಯಿಗೆ ಹಾಕದೆ ಕೈಯಲ್ಲಿ ಹಿಡಿದುಕೊಂಡೇ ಕೂತಳು. ನಮ್ಮೂರಿನ ಅರ್ಧ ಮಂದಿ ಮೊದಲು ಬಂದು ಬಿದ್ದದ್ದು ಅವಳ ಅಂಗೈಗೆ.

"ಈ ವರ್ಷ ಮೂರು ಕೂಸು ನನ್ನ ಕೈಯಾಗ ನಿಲ್ಲಲಿಲ್ಲ ಬಸಲಿಂಗಿ" ಅಂದಳು. "ಹೊಕ್ಕಳ ಹುರಿ ಕೊಯ್ದ ಮ್ಯಾಲೆ ಹಿಡಕೊಂಡ್ರೂ ಇರವಲ್ಲವು. ಅಳೂ ಸಪ್ಪಳನೂ ಇಲ್ಲ, ಏನೂ ಇಲ್ಲ. ಹತ್ತಿ ಅರಳಿ ಹಾರಿಧಂಗ ಹೋಗಿಬಿಟ್ವು. ನಾಕು ಗುಂಡು ಕಟ್ಟಿದ ತೊಟ್ಟಿಲ ಅಲ್ಲೇ ಇತ್ತು. ತೊಟ್ಟಿಲ ನಿಂತ್ರ ಏನ ಬಂತು?"

ಹೆತ್ತ ಮೂವರೂ ಯಾವ ಮನೆಯ ಸೊಸೆಯರು ಎಂದು ಕೇಳಿದೆ. ಮೂರೂ ಹಪ್ಪಳ ಮುರಿಯದ ಮನೆಗಳು.

ಏಳನೆಯ ತಿಂಗಳಿಗೆ ಕುಬಸ. ಬಸುರಿಯ ಗಂಡನ ಮನೆಗೆ ತವರಿನವರು ಹಸಿರು ಕುಬಸ, ಬಳೆ, ಬಯಕೆಯ ಊಟ ಹೊತ್ತು ಹೋಗಿ, ಉಡಿ ತುಂಬಿ, ಮೊದಲ ಹೆರಿಗೆಗೆ ಮಗಳನ್ನು ಕರೆದುಕೊಂಡು ಬರುವುದು ರೂಢಿ. ನಾನು ಎರಡು ದಿನ ಮೊದಲೇ ಶುರು ಮಾಡಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿದೆ. ತೌಡು ತೆಗೆಯದ ನವಣೆಯ ಹುಗ್ಗಿ, ಮೊಳಕೆ ಬರಿಸಿದ ಮಡಕಿಯ ಪಲ್ಯ, ಶೇಂಗಾ ಹಿಂಡಿ, ಬೆಲ್ಲ ಹಾಕಿದ ಎಳ್ಳಿನ ಉಂಡೆ, ಕೆನೆಮೊಸರು ಎಲ್ಲವನ್ನೂ ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತೆ. ಬುಟ್ಟಿ ಭಾರವಾಗಿತ್ತು. ದಾರಿಯಲ್ಲಿ ಎರಡು ಸಲ ಇಳಿಸಿ ಕೂತೆ.

ಸಾವ್ಕಾರರ ಪಡಸಾಲೆಯಲ್ಲಿ ಮೂವತ್ತು ನಲವತ್ತು ಹೆಂಗಸರು ಕೂತಿದ್ದರು. ಓಡಾಡುವವರು ಓಡಾಡುತ್ತಿದ್ದರು, ಆದರೆ ಒಂದು ಹೆಜ್ಜೆಯ ಸದ್ದಿಲ್ಲ. ನಾನು ಒಳಗೆ ಕಾಲಿಟ್ಟಾಗ ಎಲ್ಲರೂ ತಿರುಗಿ ನೋಡಿ ಮುಸಿಮುಸಿ ನಕ್ಕರು. ನಡುವೆ ಮಣೆಯ ಮೇಲೆ ಸಾವಂತ್ರಿ. ಏಳು ತಿಂಗಳ ಬಸುರಿ, ಅವಳ ಕೆಳಗಿನ ಮೆತ್ತೆ ಒಂದಿಷ್ಟೂ ತಗ್ಗಾಗಿರಲಿಲ್ಲ. ಸೆರಗನ್ನು ಕಂಬಕ್ಕೆ ಗಂಟು ಹಾಕಿದ್ದರು. ಚಂದಕ್ಕೆ ಆ ಗಂಟಿನ ಮೇಲೆ ಮಲ್ಲಿಗೆ ದಂಡೆ ಸುತ್ತಿದ್ದರು. ಉಡಿ ತುಂಬಲು ಬಗ್ಗಿದಾಗ ಅವಳು ನನ್ನ ಕಿವಿಯಲ್ಲಿ, "ಯವ್ವಾ, ಕೂಸು ಒದಿಯೂದು ಗೊತ್ತಾಗವಲ್ದು. ಐತೋ ಇಲ್ಲೋ ಅನ್ನೂದ ತಿಳಿವಲ್ದು. ಇಲ್ಲಿ ಯಾರಿಗೂ ಹೇಳಿಲ್ಲ" ಅಂದಳು.

ನಾನು ಬುಟ್ಟಿ ಬಿಚ್ಚಿ ಮೊದಲ ತುತ್ತು ಮುರಿದೆ. ಗುರುಶಾಂತವ್ವ ನನ್ನ ಕೈ ಹಿಡಿದರು.

"ಬೀಗತಿ, ಅದನ್ನ ಹಿತ್ತಲಕ್ಕ ಕೊಡ್ರಿ, ಎಮ್ಮಿ ತಿಂತಾವು. ನಮ್ಮ ಮನ್ಯಾಗ ಹೊಟ್ಟು ತೌಡು ಉಣ್ಣೂದಿಲ್ಲ."

"ಬಸುರಿ ಬಯಕಿ ಊಟ ಐತ್ರಿ ಇದು."

"ನಾವೂ ಬಯಕಿ ಊಟ ಮಾಡಿಸೇವಿ. ಅಲ್ಲಿ ನೋಡ್ರಿ." ಬೆಳ್ಳಿ ತಟ್ಟೆಯಲ್ಲಿ ಮಲ್ಲಿಗೆ ಹೂವಿನಂಥ ಅನ್ನ, ಫೇಣಿ, ಚಿರೋಟಿ, ಮೇಲೆ ಸಕ್ಕರೆಯ ಪುಡಿ. ಪಕ್ಕದಲ್ಲಿ ಕೂತ ಹೆಂಗಸಿನ ಉಸಿರು ತಾಗಿ ಚಿರೋಟಿಯೊಂದು ತಟ್ಟೆಯಿಂದ ಎದ್ದು ಹೋಯಿತು. ಯಾರೋ ಕೈ ಚಾಚಿ ಅದನ್ನು ಹಿಡಿದು ಮತ್ತೆ ತಟ್ಟೆಗೆ ಹಾಕಿದರು.

"ಆತ್ರಿ. ಮಗಳನ್ನ ಕರಕೊಂಡು ಹೊಂಡ್ತೀನಿ. ನಮ್ಮ ಮನ್ಯಾಗ ಉಂತಾಳ" ಅಂದೆ.

"ಕರಕೊಂಡು ಹೋಗಿ ರೊಟ್ಟಿ ತಿನಿಸಿ ತಿರುಗಿ ಕಳಸ್ತೀರಿ. ದಬದಬ ಅನ್ಕೋತ ಬರ್ತಾಳ. ಮಂದಿ ಏನಂತಾರ? ಹೆರಿಗಿ ಇಲ್ಲೇ ಆಗ್ಲಿ."

ಅಷ್ಟರಲ್ಲಿ ಮಾಳಿಗೆಯಿಂದ ಅಡಿವೆಪ್ಪ ಸಾವ್ಕಾರರು ಇಳಿದು ಬಂದರು. ಕುಬಸದ ದಿನ ಪಡಸಾಲೆಗೆ ಗಂಡಸರು ಬರುವುದಿಲ್ಲ, ಆದರೆ ಮಾತು ಜೋರಾದದ್ದು ಅವರಿಗೆ ಕೇಳಿಸಿತ್ತು. ಅವರನ್ನು ನಾನು ಯಾವಾಗಲೂ ಬೀದಿಯಲ್ಲಿ ಕಬ್ಬಿಣದ ಚಪ್ಪಲಿಯಲ್ಲಿ ಕಂಡವಳು. ಇವತ್ತು ಬರಿಗಾಲು. ಮರದ ಮೆಟ್ಟಿಲು ಒಂದೊಂದಾಗಿ ಕಿರ್ ಎಂದವು. ಕೊನೆಯ ಮೆಟ್ಟಿಲಿಂದ ನೆಲಕ್ಕೆ ಇಳಿದಾಗ ದಬ್ ಎಂದಿತು.

"ಬೀಗತಿ, ಚಿಂತಿ ಬ್ಯಾಡ. ತೊಟ್ಟಿಲ ಗುಂಡು ನಮ್ಮವ ಅದಾವು. ಬಂಗಾರದ ನೀರು ಕುಡಿಸಿ ಮಾಡಿಸೇನಿ ಮೊಮ್ಮಗಗ" ಅಂದರು.

ನನಗೆ ಆಗ ಅವರ ಅಂಗಡಿಯ ಗುಮಾಸ್ತ ಕಾಡಪ್ಪ ನೆನಪಾದ. ಹನ್ನೊಂದು ವರ್ಷದಿಂದ ಕಾಡಪ್ಪ ದಿನಾ ಮಧ್ಯಾಹ್ನ ನನ್ನ ಖಾನಾವಳಿಗೆ ಬಂದು ಒಂದು ಡಬ್ಬಿಯಲ್ಲಿ ನಾಲ್ಕು ಒಣಗಿಸಿದ ಗಟ್ಟಿ ಕಟಕ ರೊಟ್ಟಿ, ಕಾಳು, ಹಿಂಡಿ ಕಟ್ಟಿಸಿಕೊಂಡು ಹೋಗುತ್ತಾನೆ. ಯಾರಿಗೆ ಎಂದರೆ "ನನಗ್ರೀ" ಅನ್ನುತ್ತಾನೆ. ಬಾಯಲ್ಲಿ ಮೂರೇ ಹಲ್ಲು ಇರುವವನು ದಿನಾ ನಾಲ್ಕು ಕಟಕ ರೊಟ್ಟಿ ತಿನ್ನುತ್ತಾನೆ ಎಂಬುದನ್ನು ನಾನು ಒಂದು ದಿನವೂ ನಂಬಿರಲಿಲ್ಲ. ಗಿರಾಕಿಯ ಗುಟ್ಟು ನನಗೇಕೆ ಎಂದು ಕೇಳಲೂ ಇರಲಿಲ್ಲ. ಈಗ ಲೆಕ್ಕ ಕೂಡಿ ಬಂತು.

"ಬೀಗರ, ನಿಮ್ಮ ಹೆಜ್ಜಿ ಯಾಕ ಸಪ್ಪಳ ಮಾಡ್ತಾವ್ರೀ?" ಅಂದೆ.

ಪಡಸಾಲೆಯ ಹೆಂಗಸರೆಲ್ಲ ನಮ್ಮ ಕಡೆ ತಿರುಗಿದರು.

"ವಯಸ್ಸಾತವ್ವಾ. ಕಾಲು ಜಡ ಆಗ್ಯಾವು."

"ಜಡ ಆಗಿಲ್ರೀ. ನನ್ನ ರೊಟ್ಟಿ ತಿಂದು ಗಟ್ಟಿ ಆಗ್ಯಾವು. ಹನ್ನೊಂದು ವರ್ಷ. ಕಾಡಪ್ಪನ ಡಬ್ಬಿ ನಿಮ್ಮ ಗದ್ದಿಗಿ ಹಿಂದ ಹೋಗ್ತದೋ ಇಲ್ಲೋ ಹೇಳ್ರಿ. ಮೂರು ಹಲ್ಲಿನ ಮುದುಕನ ಹೆಸರಿಲೆ ರೊಟ್ಟಿ ತರಿಸಿ ತಿಂತೀರಿ, ಊರ ಮಂದಿಗೆ ಬೆಳ್ಳನ್ನ ಹೊಟ್ಟಿಲ್ಲದ್ದು ಮಾರ್ತೀರಿ. ಮಂದಿ ಮಾತು ಬಿಡ್ರಿ, ಅವರು ಗಿರಾಕಿ ಅಂತೀರಿ. ನಿಮ್ಮ ಸೊಸಿಗಿ? ನಿಮ್ಮ ಮಗನ ಕೂಸಿಗಿ? ಅವರಿಗಾದ್ರೂ ಒಂದು ರೊಟ್ಟಿ ಮುರಿದು ಕೊಡಬೇಕು ಅನ್ನಿಸಲಿಲ್ಲೇನ್ರಿ?"

ಗುರುಶಾಂತವ್ವ ಗಂಡನ ಕಾಲನ್ನೇ ನೋಡುತ್ತಿದ್ದರು. ಮೂವತ್ತೈದು ವರ್ಷ ಸಂಸಾರ ಮಾಡಿದ ಹೆಂಗಸು, ಆ ಸಪ್ಪಳವನ್ನು ಮೊದಲೇ ಕೇಳಿರಲಿಲ್ಲ ಎಂದು ನಾನು ಹೇಳಲಾರೆ. ಕೇಳಿಯೂ ಕೇಳದಂತೆ ಇದ್ದಿರಬೇಕು. ಮೂಲೆಯಿಂದ ಒಬ್ಬ ಮುದುಕಿ, "ಅಯ್ಯ, ಸಾವ್ಕಾರ್ರು ರೊಟ್ಟಿ ತಿಂತಾರಂತ!" ಎಂದು ಪಕ್ಕದವಳ ತೊಡೆ ಚಿವುಟಿದಳು. ಯಾರೋ ಕಿಸಕ್ಕನೆ ನಕ್ಕರು.

ಸಾವ್ಕಾರರು ಸಿಟ್ಟಾಗಲಿಲ್ಲ. ವ್ಯಾಪಾರದವರು, ದನಿ ಏರಿಸದೆ ಮಾತಾಡುವುದು ಅವರಿಗೆ ಗೊತ್ತು. "ಕರಕೊಂಡು ಹೋಗ್ರಿ. ಆದ್ರ ಒಂದು ಮಾತು. ಸಪ್ಪಳ ಮಾಡೋ ಕಾಲು ಹೊತ್ಕೊಂಡು ತಿರುಗಿ ಈ ಹೊಸ್ತಿಲ ದಾಟೂದು ಬ್ಯಾಡ" ಅಂದರು.

ಅಪ್ಪನ ಹಿಂದೆಯೇ ಇಳಿದು ಬಂದ ಅಳಿಯ ಮಲ್ಲೇಶಿ ಮೆಟ್ಟಿಲ ಕಟಕಟೆ ಹಿಡಿದು ನಿಂತಿದ್ದ. ನಾನು ಅವನ ಮುಖ ನೋಡಿದೆ. ಸಾವಂತ್ರಿಯೂ ನೋಡಿದಳು. ಅವನು ಕಟಕಟೆ ಬಿಡಲಿಲ್ಲ. ಬಿಟ್ಟರೆ ತೇಲಿ ಹೋದೇನು ಎಂದು ಹೆದರಿದನೋ, ಅಪ್ಪನಿಗೆ ಹೆದರಿದನೋ, ನನಗೆ ತಿಳಿಯದು. ಸಾವಂತ್ರಿ ಸ್ವಲ್ಪ ಹೊತ್ತು ಕಾದಳು. ಆಮೇಲೆ ನನ್ನ ಬುಟ್ಟಿಗೆ ಕೈ ಹಾಕಿ, ಒಂದು ರೊಟ್ಟಿ ತೆಗೆದು, ಎಲ್ಲರ ಮುಂದೆ ಮುರಿದು ಬಾಯಿಗಿಟ್ಟಳು. ದವಡೆಗೆ ಬಲವಿರಲಿಲ್ಲ, ಒಂದು ತುತ್ತು ನುಂಗುವುದರಲ್ಲಿ ಕಣ್ಣಲ್ಲಿ ನೀರು ಬಂತು. ಆದರೂ ನುಂಗಿದಳು. ಇನ್ನೊಂದು ತುತ್ತು ಕೈಯಲ್ಲಿ ಹಿಡಿದೇ, ಕಂಬದ ಗಂಟನ್ನು ತಾನೇ ಬಿಚ್ಚಿಕೊಂಡಳು.

"ನಡಿ ಯವ್ವಾ" ಅಂದಳು.

ಅವಳನ್ನು ನನ್ನ ಸೊಂಟಕ್ಕೆ ಸೆರಗಿನಿಂದ ಕಟ್ಟಿಕೊಂಡು ಬೀದಿಗೆ ಇಳಿದೆ. ತಲೆಯ ಮೇಲೆ ಬುಟ್ಟಿ, ಪಕ್ಕದಲ್ಲಿ ಮಗಳು. ಬುಟ್ಟಿಯ ಭಾರಕ್ಕೆ ಕುತ್ತಿಗೆ ನೋಯುತ್ತಿತ್ತು. ಮಗಳ ಭಾರ ಗೊತ್ತೇ ಆಗಲಿಲ್ಲ, ಅದಕ್ಕೇ ದಾರಿಯುದ್ದಕ್ಕೂ ತಿರುತಿರುಗಿ ನೋಡುತ್ತಾ ಬಂದೆ.

ಮನೆಗೆ ಬಂದ ಕೂಡಲೇ ರೊಟ್ಟಿ ತಿನ್ನಿಸಿದರೆ ಎಲ್ಲ ಸರಿಹೋಯಿತು ಎಂದು ಯಾರಾದರೂ ತಿಳಿದರೆ ಅವರಿಗೆ ಹೊಟ್ಟೆಯ ವಿಷಯ ಗೊತ್ತಿಲ್ಲ. ಮೊದಲ ವಾರ ಅವಳಿಗೆ ಏನೂ ದಕ್ಕಲಿಲ್ಲ. ಹೊಟ್ಟೆ ಉಬ್ಬರಿಸಿತು, ಎರಡು ಸಲ ವಾಂತಿಯಾಯಿತು. ಆಮೇಲೆ ನಾನು ಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿ ಮಜ್ಜಿಗೆ ಹಾಕಿ ಸ್ವಲ್ಪ ಸ್ವಲ್ಪ ಕುಡಿಸಿದೆ. ಹದಿನೈದು ದಿನಕ್ಕೆ ಬೇಯಿಸಿದ ಹೆಸರುಕಾಳು. ತಿಂಗಳಿಗೆ ಮೆತ್ತನೆಯ ರೊಟ್ಟಿ, ಸಿಪ್ಪೆಸಮೇತ ಸವತೆಕಾಯಿ, ಪೇರಲ, ಹಸಿ ಶೇಂಗಾ, ಮೆಂತ್ಯದ ಸೊಪ್ಪು. ಹುಸೇನಬಿ ದಿನ ಬಿಟ್ಟು ದಿನ ಬಂದು ಹೊಟ್ಟೆ ಮುಟ್ಟಿ ನೋಡಿ ಹೋಗುತ್ತಿದ್ದಳು. ಅವಳು ಬಂದು ಹೋದ ದಿನ ನಾನು ಬಡಿದ ರೊಟ್ಟಿ ಹರಿಯುತ್ತಿತ್ತು.

ಎಂಟನೆಯ ತಿಂಗಳು ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ, ಖಾನಾವಳಿ ತುಂಬ ಜನ ಊಟಕ್ಕೆ ಕೂತಿರುವಾಗ, ಒಳಗಿನಿಂದ ಸಾವಂತ್ರಿ, "ಯವ್ವಾ! ಒದೀತು!" ಎಂದು ಕೂಗಿದಳು. ಲಾರಿಯ ಡ್ರೈವರನೊಬ್ಬ ಏನೋ ಬಿತ್ತೆಂದು ತಟ್ಟೆ ಬಿಟ್ಟು ಎದ್ದ. ನಾನು ಅವನಿಗೆ ಇನ್ನೊಂದು ರೊಟ್ಟಿ ಹಾಕಿ, ಹಿಟ್ಟಿನ ಕೈಯಲ್ಲೇ ಒಳಗೆ ಓಡಿದೆ.

ಹೆರಿಗೆ ಬೆಳಿಗ್ಗೆ ಹತ್ತು ಗಂಟೆಗೆ ಆಯಿತು. ಹೆಣ್ಣುಕೂಸು. ಹುಸೇನಬಿ ಹುರಿ ಕೊಯ್ಯುವ ಮೊದಲು ನನ್ನ ಕಡೆ ನೋಡಿದಳು. ನಾನು ಎರಡೂ ಕೈಯನ್ನು ಕೂಸಿನ ಮೇಲೆ ಚಾಚಿ ನಿಂತೆ, ಮೇಲೇಳುವ ಹಾಗಾದರೆ ಹಿಡಿಯೋಣ ಎಂದು. ಕೊಯ್ದಳು. ಕೂಸು ಮೇಲೇಳಲಿಲ್ಲ. ಕಿಟಾರನೆ ಕಿರುಚಿತು.

"ಹಿಡೀ ಬಸಲಿಂಗಿ, ಹಿಡೀ ಲಗೂ! ನನ್ನ ಕೈ ಸೋತ್ವು, ಮುದುಕಿ ನಾನು" ಎಂದು ಹುಸೇನಬಿ ನಕ್ಕಳು. ನಗುತ್ತ ನಗುತ್ತ ಕೂತು ಅತ್ತಳು. ಹಿಂದಿನ ಮೂರು ಕೂಸುಗಳಿಗೆ ಅತ್ತದ್ದೂ ಆ ದಿನವೇ ಇರಬೇಕು.

ಇಷ್ಟೆಲ್ಲ ಆದ ಮೇಲೆ ಊರಿಗೆ ಬುದ್ಧಿ ಬಂತೇ ಎಂದು ಕೇಳುತ್ತೀರಿ. ಕುಬಸ ಮುಗಿದ ವಾರದಲ್ಲೇ ಸಾವ್ಕಾರರ ಅಂಗಡಿಯಲ್ಲಿ ಹೊಸ ಮಾಲು ಬಂತು. ಮೊದಲು ಎಮ್ಮೆಗೆ ಸುರಿಯುತ್ತಿದ್ದ ತೌಡನ್ನು ಚಂದದ ಪೊಟ್ಟಣದಲ್ಲಿ ಕಟ್ಟಿ, ಮೇಲೆ ನಗುವ ಬಸುರಿಯ ಚಿತ್ರ ಅಚ್ಚು ಹಾಕಿಸಿ, ಅಂಗೈಯಷ್ಟಕ್ಕೆ ಇನ್ನೂರು ರೂಪಾಯಿ ಇಟ್ಟರು. ಸಾವ್ಕಾರರ ಗಟ್ಟಿ ಕಾಲಿನ ಗುಟ್ಟು ಇದೇ ಎಂದು ಕಾಡಪ್ಪ ಬಾಗಿಲಲ್ಲಿ ನಿಂತು ಮೂರು ಹಲ್ಲಿನಲ್ಲಿ ಸಾರುತ್ತಾನೆ. ಅಕ್ಕಿಯಿಂದ ತೆಗೆಯುವುದಕ್ಕೂ ಅವರಿಗೇ ದುಡ್ಡು, ತೆಗೆದದ್ದನ್ನು ತಿರುಗಿ ಕೊಡುವುದಕ್ಕೂ ಅವರಿಗೇ ದುಡ್ಡು. ಜನ ಒಂದು ಕೈಯಲ್ಲಿ ಬಿಳಿ ಅಕ್ಕಿ, ಇನ್ನೊಂದು ಕೈಯಲ್ಲಿ ತೌಡಿನ ಪೊಟ್ಟಣ, ಕಾಲಲ್ಲಿ ಕಬ್ಬಿಣ, ಹೀಗೆ ನನ್ನ ಖಾನಾವಳಿಯ ಮುಂದೆಯೇ ಹಾದು ಹೋಗುತ್ತಾರೆ. "ಅಲ್ರೋ, ಎರಡೂ ಕೂಡಿಯೇ ಹುಟ್ಟಿದ್ದು, ಕೂಡಿಸಿಯೇ ತಿನ್ರೋ" ಎಂದು ನಾನು ಒಲೆಯ ಮುಂದಿನಿಂದ ಕೂಗುತ್ತೇನೆ. ಕೆಲವರು ನಗುತ್ತಾರೆ. ಕೆಲವರು ಒಳಗೆ ಬಂದು ಕೂರುತ್ತಾರೆ, ಅದೂ ಸುಳ್ಳಲ್ಲ. ಅವರಲ್ಲಿ ಬಸುರಿಯರಿದ್ದರೆ ಒಂದು ರೊಟ್ಟಿ ಹೆಚ್ಚು ಹಾಕುತ್ತೇನೆ.

ಮಲ್ಲೇಶಿ ವಾರಕ್ಕೊಮ್ಮೆ ಬರುತ್ತಾನೆ. ಮೂಲೆಯಲ್ಲಿ ಕೂತು ರೊಟ್ಟಿ ಉಣ್ಣುತ್ತಾನೆ, ಕೂಸಿನ ಪಾದ ಹಿಡಿದು ನೋಡುತ್ತಾನೆ, ಅಪ್ಪ ಕೇಳುವ ಮೊದಲು ಎದ್ದು ಹೋಗುತ್ತಾನೆ. ಅವನಿಂದ ಊಟದ ದುಡ್ಡು ತೆಗೆದುಕೊಳ್ಳುತ್ತೇನೆ. ಹೆಂಡತಿಯನ್ನು ಕರೆದುಕೊಂಡು ಹೋಗಲು ಬಂದ ದಿನ ತೆಗೆದುಕೊಳ್ಳುವುದಿಲ್ಲ ಎಂದು ಅವನಿಗೆ ಹೇಳಿದ್ದೇನೆ. ಅವನು ತಲೆ ತಗ್ಗಿಸಿ ಚಿಲ್ಲರೆ ಎಣಿಸುತ್ತಾನೆ. ಸಾವಂತ್ರಿ ಒಳಗಿನಿಂದ ಹೊರಗೆ ಬರುವುದಿಲ್ಲ.

ಸಾವಂತ್ರಿ ಈಗ ನನ್ನ ಜೊತೆ ರೊಟ್ಟಿ ಬಡಿಯುತ್ತಾಳೆ. ಅವಳ ಭಾರ ಪೂರ್ತಿ ಮರಳಿಲ್ಲ. ಗಾಳಿ ಜೋರಾದರೆ ಇವತ್ತಿಗೂ ಒಲೆಯ ಕಟ್ಟೆ ಹಿಡಿದುಕೊಳ್ಳುತ್ತಾಳೆ. ಸಾವ್ಕಾರರ ಮನೆಯಲ್ಲಿ ಕಳೆದದ್ದು ಎಷ್ಟೋ ತಿಳಿಯದು, ನಾನು ಕೈಯಾರೆ ಉಣ್ಣಿಸಿದ ಆರು ತಿಂಗಳಲ್ಲಿ ಕಳೆದದ್ದಕ್ಕೆ ಬೇರೆ ಯಾರನ್ನೂ ಬೈಯುವಂತಿಲ್ಲ. ಮಗಳು ಗಂಡನ ಮನೆ ಕಳೆದುಕೊಂಡಳು. ನಾನು ಬೀಗರನ್ನು ಕಳೆದುಕೊಂಡೆ. ಉಳಿದದ್ದು ಒಂದು ಹೆಣ್ಣುಕೂಸು. ಹುಟ್ಟಿದ ದಿನ ಅದರ ತೂಕ ಮೂರು ಕೆಜಿ ಇನ್ನೂರು ಗ್ರಾಂ.